ಕಲ್ಪತರು ನಾಡಿನ ಊಟಕ್ಕೆ ಕೆರೆಯ ಮೀನು

ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿ ಬಲೆ ಬೀಳುವ ದಿನ ಏರಿಯ ಮೇಲೆ ಜನ ಸೇರುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಓದುಗರಿಗೆ ಹೊಸ ನೋಟವೇನಲ್ಲ. ನೊಣವಿನಕೆರೆ, ಮಲ್ಲಾಘಟ್ಟ, ಬೋರನಕಣಿವೆಯಂಥ ದೊಡ್ಡ ನೀರಿನಲ್ಲಿ ಬೆಳೆದ ಕಾಟ್ಲ, ರೋಹು, ಗೆಂಡೆಗಳು ಮೊದಲು ತಕ್ಕಡಿ ಏರುತ್ತವೆ. ಬಲೆಯ ಮೂಲೆಯಲ್ಲಿ ಉಳಿದ ಬೆರಳುದ್ದದ ಪಕ್ಕೆ ಮತ್ತಿತರ ಸಣ್ಣ ಮೀನನ್ನು ಕೇಳುವವರು ಕಡಿಮೆ. ‘ಬರೀ ಮುಳ್ಳು, ತಿನ್ನಲು ಏನಿದೆ?’ ಎಂಬ ಮಾತು ಎಲ್ಲ ಕಡೆಯೂ ಇದೆ. ಆದರೆ ದೇಹಪೋಷಣೆಯ ಲೆಕ್ಕ ಹಾಕಿದರೆ ಅಂದು ಏರಿಯ ಮೇಲೆ ಬಿದ್ದ ಸರಕಿನಲ್ಲಿ ಹೆಚ್ಚು ಬೆಲೆಯುಳ್ಳದ್ದು ಬಹುಶಃ ಅದೇ. ಇದು ಹೇಗೆಂದು ತಿಳಿಯಬೇಕಾದರೆ ನಮ್ಮ ಊಟದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ನೋಡಬೇಕು.

ರಾಗಿ, ಹುರುಳಿ, ಅವರೆ, ಸೊಪ್ಪು, ತೆಂಗು ಈ ಸೀಮೆಯ ಊಟದ ಆಧಾರ. ಇದು ಬಡ ಊಟವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬಾರವು. ಕಾಳುಗಳಿಂದ ಸಸಾರಜನಕ ಬರುತ್ತದೆ. ಕೊರತೆ ಇರುವುದು ಬೇರೆ ಕಡೆ. ಬಿ-12 ಎಂಬ ಜೀವಸತ್ವ ಯಾವ ಕಾಳಿನಲ್ಲಿಯೂ ಇಲ್ಲ, ಸೊಪ್ಪಿನಲ್ಲಿಯೂ ಇಲ್ಲ. ರಕ್ತ ಉತ್ಪತ್ತಿಗೂ ನರಗಳ ಕೆಲಸಕ್ಕೂ ಬೇಕಾದ ಇದು ಹಾಲು, ಮೊಟ್ಟೆ, ಮಾಂಸ, ಮೀನುಗಳಿಂದಲೇ ಬರಬೇಕು. ಮಿದುಳಿಗೂ ಕಣ್ಣಿಗೂ ಬೇಕಾದ ಒಮೆಗಾ-3 ಜಾತಿಯ ಕೊಬ್ಬು ತೆಂಗಿನಲ್ಲಿ ಇಲ್ಲವೆಂದೇ ಹೇಳಬೇಕು. ಕೊಬ್ಬರಿ ಎಣ್ಣೆಯ ಗುಣ ಬೇರೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಚಳಿಗೆ ಗಟ್ಟಿಯಾಗುವ ಜಾತಿಯ ಕೊಬ್ಬು. ತೆಂಗನ್ನು ನಂಬಿದ ನಾಡಿನಲ್ಲಿ ಈ ಮಾತು ಕೆಲವರಿಗೆ ರುಚಿಸದಿರಬಹುದು. ತೆಂಗನ್ನು ಹಳಿಯುವ ಉದ್ದೇಶ ಇಲ್ಲಿಲ್ಲ, ಅದು ಕೊಡಲಾರದ್ದನ್ನು ಬೇರೆ ಕಡೆ ಹುಡುಕಬೇಕು ಎಂಬುದಷ್ಟೇ ಮಾತು.

ಕಬ್ಬಿಣದ ಸಂಗತಿ ಇನ್ನೂ ಸ್ವಾರಸ್ಯದ್ದು. ರಾಗಿ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣಾಂಶ ಇದ್ದರೂ ಅದು ಪೂರ್ತಿ ನಮಗೆ ದಕ್ಕುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಅದೇ ತಟ್ಟೆಯಲ್ಲಿ ಮೀನಿನ ತುಂಡು ಇದ್ದರೆ ಕಾಳು ಸೊಪ್ಪಿನ ಕಬ್ಬಿಣವೂ ಮೊದಲಿಗಿಂತ ಹೆಚ್ಚು ದಕ್ಕುತ್ತದೆ. ಅಂದರೆ ಮುದ್ದೆಯ ಜೊತೆ ಮೀನುಸಾರು ಉಂಡವರಿಗೆ ಮೀನಿನ ಸತ್ವದ ಜೊತೆಗೆ ಮುದ್ದೆಯ ಸತ್ವವೂ ಹೆಚ್ಚಾಗಿ ಸಿಕ್ಕಂತಾಯಿತು. ಊಟ ಮುಗಿದ ಕೂಡಲೇ ಟೀ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ. ರಕ್ತಹೀನತೆಯಿಂದ ಸೊರಗಿದ ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಗಮನಿಸುವುದು ಒಳ್ಳೆಯದು.

ಗುಳಿಗೆಯೋ, ಮೀನೋ?

ಮೀನಿನೆಣ್ಣೆಯ ಗುಳಿಗೆಗಳು ಈಗ ಪೇಟೆಯ ಔಷಧಿ ಅಂಗಡಿಗಳಲ್ಲೆಲ್ಲ ಸಿಗುತ್ತವೆ. ಹೃದಯಕ್ಕೆ ಒಳ್ಳೆಯದು, ಮಕ್ಕಳ ಬುದ್ಧಿಗೆ ಒಳ್ಳೆಯದು ಎಂಬ ಪ್ರಚಾರವೂ ಇದೆ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಅದನ್ನು ಕೊಳ್ಳುವ ಮೊದಲು ಓದುಗರು ಇದರ ಹಿನ್ನೆಲೆ ತಿಳಿಯಬೇಕು.

ಡೆನ್ಮಾರ್ಕಿನ ವೈದ್ಯರಾದ ಬಾಂಗ್ ಮತ್ತು ಡೈಯರ್‌ಬರ್ಗ್ 1970ರ ದಶಕದಲ್ಲಿ ಗ್ರೀನ್‌ಲೆಂಡಿನ ಜನರ ರಕ್ತವನ್ನು ಪರೀಕ್ಷಿಸಿ, ಕಡಲಿನ ಆಹಾರದ ಕೊಬ್ಬು ಹೃದಯವನ್ನು ಕಾಯುತ್ತಿರಬಹುದೆಂದು ಊಹಿಸಿದರು. 1989ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದಿಂದ ಬಂದ ವರದಿ ಈ ಊಹೆಗೆ ಬಲ ಕೊಟ್ಟಿತು. ಒಮ್ಮೆ ಹೃದಯಾಘಾತವಾಗಿ ಬದುಕಿ ಉಳಿದಿದ್ದ 2,033 ಗಂಡಸರಲ್ಲಿ, ವಾರಕ್ಕೆ ಎರಡು ಸಲ ಎಣ್ಣೆಯುಳ್ಳ ಮೀನು ತಿನ್ನಲು ಸಲಹೆ ಪಡೆದವರ ಸಾವು ಎರಡು ವರ್ಷಗಳಲ್ಲಿ ನೂರಕ್ಕೆ 29ರಷ್ಟು ಕಡಿಮೆ ಇತ್ತು. ಆದರೆ ಎದೆನೋವಿನ ರೋಗಿಗಳ ಮೇಲೆ ಅದೇ ಬಗೆಯ ಪ್ರಯೋಗ ನಡೆಸಿ 2003ರಲ್ಲಿ ಪ್ರಕಟಿಸಿದಾಗ ಆ ಲಾಭ ಕಾಣಲಿಲ್ಲ. ಮುಂದೆ ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಆರೋಗ್ಯವಾಗಿದ್ದವರು ದಿನವೂ ಒಂದು ಗ್ರಾಂ ಗುಳಿಗೆ ನುಂಗಿದ್ದರಿಂದ ಹೃದಯಾಘಾತ, ಪಾರ್ಶ್ವವಾಯುಗಳು ಒಟ್ಟಿನಲ್ಲಿ ಗಮನಾರ್ಹವಾಗಿ ತಗ್ಗಲಿಲ್ಲ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಹೋಲುವ ಎರಡು ಅಧ್ಯಯನಗಳು ನಡೆದಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ತಜ್ಞರು ಗರ್ಭಿಣಿಯರ ಊಟವನ್ನು ತಿಂಗಳುಗಟ್ಟಲೆ ಗಮನಿಸಿ 2009ರಲ್ಲಿ ವರದಿ ಕೊಟ್ಟರು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೀನು ತಿನ್ನದವರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ, ತಿಂದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನಲ್ಲಿ 957 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 400 ಮಿಲಿಗ್ರಾಂ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನ ಗುಳಿಗೆಯನ್ನು ಹೆರಿಗೆಯ ನಂತರ ಆರು ತಿಂಗಳವರೆಗೂ ಕೊಟ್ಟರು. ಇನ್ನೊಂದು ಗುಂಪಿಗೆ ಕೊಟ್ಟದ್ದು ಬರೀ ಸೋಗಿನ ಗುಳಿಗೆ. ಮಕ್ಕಳಿಗೆ ಒಂದು ವರ್ಷ ತುಂಬಿದಾಗ ಬುದ್ಧಿ ಬೆಳವಣಿಗೆಯನ್ನು ಅಳೆದು ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನದು ಗಮನಿಕೆಯೇ ಹೊರತು ಪ್ರಯೋಗವಲ್ಲ. ಮೀನು ತಿನ್ನುವ ಮನೆಗೂ ತಿನ್ನದ ಮನೆಗೂ ಬೇರೆ ಭೇದಗಳಿರಬಹುದು. ಅಳೆದ ವಿಷಯವೂ ಎರಡರಲ್ಲಿ ಒಂದೇ ಅಲ್ಲ. ಗುಳಿಗೆಯಿಂದ ಏನೂ ಪ್ರಯೋಜನವಿಲ್ಲ ಎಂದೂ ಅಲ್ಲ: ಜಗತ್ತಿನ 70 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಸಮೀಕ್ಷೆಯಲ್ಲಿ, 34 ವಾರಕ್ಕೆ ಮೊದಲೇ ಆಗುವ ಹೆರಿಗೆ ಸಾವಿರಕ್ಕೆ 46ರಿಂದ 27ಕ್ಕೆ ಇಳಿದದ್ದು ಕಂಡುಬಂದಿದೆ. ಅದು ವೈದ್ಯರು ನೋಡಿ ಹೇಳಬೇಕಾದ ಮಾತು. ಆದರೂ ಮೀನಿನ ಒಂದು ಕೊಬ್ಬನ್ನು ಹಿಂಡಿ ಗುಳಿಗೆಯಲ್ಲಿ ತುಂಬಿದರೆ ಮೀನು ತಿಂದಂತಾಗದು ಎಂಬುದು ಸ್ಪಷ್ಟ. ಸಸಾರಜನಕ, ಬಿ-12, ಡಿ ಜೀವಸತ್ವ, ಸೆಲೆನಿಯಂ, ಕಬ್ಬಿಣ ದಕ್ಕಿಸುವ ಗುಣ, ಮುಳ್ಳಿನ ಸುಣ್ಣ ಇವೆಲ್ಲ ಹೊರಗೇ ಉಳಿಯುತ್ತವೆ.

ಬೆರಳುದ್ದದ ಮೀನಿನ ಹಿರಿಮೆ

ಒಮೆಗಾ-3 ಕೊಬ್ಬನ್ನು ಮೀನು ತಾನಾಗಿ ತಯಾರಿಸುವುದು ಅಲ್ಪ. ಅದನ್ನು ಮಾಡುವುದು ನೀರಿನ ಪಾಚಿ. ಪಾಚಿ ತಿಂದ ಹುಳು, ಹುಳು ತಿಂದ ಮೀನು, ಹೀಗೆ ಅದು ಮೇಲೇರುತ್ತದೆ. ಕಡಲಿನ ಬೂತಾಯಿ, ಬಂಗುಡೆಗಳಲ್ಲಿ ಇದು ಹೇರಳ. 100 ಗ್ರಾಂ ಬೂತಾಯಿಯಲ್ಲಿ ಒಂದು ಗ್ರಾಂ ಆಸುಪಾಸು ಸಿಗುತ್ತದೆ, ಮಳೆಗಾಲ ಕಳೆದ ಮೇಲೆ ಮೈತುಂಬಿದ ಮೀನಿನಲ್ಲಿ ಇನ್ನೂ ಹೆಚ್ಚು. ಕಾಟ್ಲ, ರೋಹುಗಳಲ್ಲಿ ಅದರ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು. ಆದುದರಿಂದ ಈ ಕೊಬ್ಬಿಗಾಗಿಯೇ ಮೀನು ತಿನ್ನುವವರು ವಾರಕ್ಕೊಮ್ಮೆಯಾದರೂ ಕರಾವಳಿಯಿಂದ ಬರುವ ಬೂತಾಯಿ ತರುವುದು ಮೇಲು. ಅದು ದುಬಾರಿ ಮೀನೂ ಅಲ್ಲ.

ಕೆರೆಯ ಮೀನಿನ ಬಲ ಬೇರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮೋಲಾ ಎಂಬ ಬೆರಳುದ್ದದ ಮೀನಿದೆ. ಇದರ ಹತ್ತಿರದ ಬಂಧುಗಳು ದಕ್ಷಿಣ ಭಾರತದ ನೀರಿನಲ್ಲಿಯೂ ಇವೆ. 100 ಗ್ರಾಂ ಮೋಲಾದಲ್ಲಿ 2,500 ಮೈಕ್ರೋಗ್ರಾಂಗೂ ಹೆಚ್ಚು ಎ ಜೀವಸತ್ವವಿದ್ದರೆ, ಸಾಕಿದ ಗೆಂಡೆ ಜಾತಿಯ ಮೀನುಗಳಲ್ಲಿ 30ಕ್ಕಿಂತಲೂ ಕಡಿಮೆ. ಇರುಳುಗುರುಡನ್ನು ತಡೆಯುವ ಜೀವಸತ್ವ ಇದೇ. ಮೋಲಾದ ಸುಣ್ಣದ ಅಂಶ 800 ಮಿಲಿಗ್ರಾಂ ಆಸುಪಾಸು. ಹಾಲಿನಲ್ಲಿರುವುದು ಸುಮಾರು 120. ಮುಳ್ಳಿನ ಸುಣ್ಣ ಹಾಲಿನ ಸುಣ್ಣದಷ್ಟೇ ಚೆನ್ನಾಗಿ ದಕ್ಕುತ್ತದೆಂದು ಪರೀಕ್ಷೆಯಿಂದ ಗೊತ್ತಾಗಿದೆ. ಸಣ್ಣ ಮೀನಿನ ಈ ಗುಣಗಳನ್ನು ಹೊರಗೆಡಹಿದ ಶಕುಂತಲಾ ಹರಖ್‌ಸಿಂಗ್ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಎಲ್ಲ ಸಣ್ಣ ಮೀನುಗಳೂ ಮೋಲಾಕ್ಕೆ ಸಮನಲ್ಲ. ಎ ಜೀವಸತ್ವ ಜಾತಿಯಿಂದ ಜಾತಿಗೆ ಬಹಳ ಬದಲಾಗುತ್ತದೆ. ಆದರೆ ಮುಳ್ಳು ಸಮೇತ ತಿನ್ನುವ ಯಾವ ಮೀನಿನಲ್ಲಿಯೂ ಸುಣ್ಣ ಧಾರಾಳ.

ಇಲ್ಲಿ ಅಡುಗೆಮನೆಯವರು ತಿಳಿಯಬೇಕಾದುದೊಂದಿದೆ. ಮೋಲಾದ ಎ ಜೀವಸತ್ವದ ಅರ್ಧಕ್ಕೂ ಹೆಚ್ಚು ಪಾಲು ಕಣ್ಣಿನಲ್ಲೇ ಇರುತ್ತದೆ. ಸೋಸುವಾಗ ತಲೆ ಚಿವುಟಿ ಬಿಸಾಡಿದರೆ ಮುಖ್ಯವಾದದ್ದೇ ಹೋಯಿತು. ಹೊಟ್ಟೆ ಹಿಂಡಿ ತೆಗೆಯಿರಿ, ತಲೆ ಬಿಡಿ. ಮಣ್ಣಿನ ಮಡಕೆಯಲ್ಲಿ ಹುಣಸೆಹುಳಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮುಳ್ಳು ಮೆತ್ತಗಾಗಿ ಮಕ್ಕಳೂ ಅಗಿಯಬಹುದು. ಬಹಳ ಚಿಕ್ಕ ಮಕ್ಕಳಿಗೆ ಅರೆದು ಮುದ್ದೆಗೆ ಬೆರೆಸಿ ಕೊಡಿ. ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟರೆ ಸುಣ್ಣ ಉಳಿಯುತ್ತದೆ, ಎ ಜೀವಸತ್ವ ಮಾತ್ರ ಬಹುಪಾಲು ಹಾಳಾಗುತ್ತದೆ. ಉಪ್ಪು ಹಾಕಿದ ಒಣಮೀನು ರಕ್ತದ ಒತ್ತಡ ಇರುವವರಿಗೆ ಸಲ್ಲದು. ಮುಳುಗುವಷ್ಟು ಎಣ್ಣೆಯಲ್ಲಿ ಕರಿದರೆ ಮೀನಿನ ಒಳ್ಳೆಯ ಕೊಬ್ಬು ಬಾಣಲೆಗಿಳಿದು, ಬಾಣಲೆಯ ಎಣ್ಣೆ ಮೀನಿಗೇರುತ್ತದೆ. ಸಾರೇ ಮೇಲು.

ಈ ಸೀಮೆಯಲ್ಲಿ ಮೀನು ಮುಟ್ಟದ ಮನೆಗಳೂ ಬಹಳ. ಅವರು ಬಿ-12ಕ್ಕಾಗಿ ಹಾಲು ಮೊಸರನ್ನು ತಪ್ಪಿಸಬಾರದು. ಅಗಸೆ ಬೀಜದಲ್ಲಿ ಒಮೆಗಾ-3 ಜಾತಿಯ ಇನ್ನೊಂದು ಕೊಬ್ಬು ಇದೆ. ದೇಹ ಅದರಲ್ಲಿ ಅಲ್ಪ ಭಾಗವನ್ನು ಮೀನಿನ ಕೊಬ್ಬಿನ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಹುಚ್ಚೆಳ್ಳು ಚಟ್ನಿ ರುಚಿಯಾದುದಾದರೂ ಈ ಕೆಲಸಕ್ಕೆ ಬಾರದು.

ಪಿತ್ತ ಮುಟ್ಟಬೇಡಿ

ಮೀನಿನಲ್ಲಿ ಇರುವುದೆಲ್ಲ ಔಷಧಿಯಲ್ಲ. ರೋಹು, ಕಾಟ್ಲ, ಹುಲ್ಲುಗೆಂಡೆಗಳ ಪಿತ್ತದ ಚೀಲವನ್ನು ಹಸಿಯಾಗಿ ನುಂಗಿದರೆ ಸಕ್ಕರೆ ಕಾಯಿಲೆ, ಕೀಲುನೋವು, ದಮ್ಮು ಹೋಗುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಇದು ಪ್ರಾಣಕ್ಕೆ ಅಪಾಯ. ಗೆಂಡೆ ಕುಲದ ಮೀನಿನ ಪಿತ್ತದಲ್ಲಿ ಸೈಪ್ರಿನಾಲ್ ಎಂಬ ವಿಷವಸ್ತು ಇದೆ. ನುಂಗಿದ ಕೆಲವೇ ಗಂಟೆಗಳಲ್ಲಿ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗಿ, ಎರಡು ಮೂರು ದಿನಗಳಲ್ಲಿ ಮೂತ್ರ ನಿಂತು ಮೂತ್ರಪಿಂಡಗಳು ಕೈಕೊಡುತ್ತವೆ. ಯಕೃತ್ತಿಗೂ ಪೆಟ್ಟು ಬೀಳುತ್ತದೆ. ಇಂಥ ರೋಗಿಗಳಿಗೆ ಡಯಾಲಿಸಿಸ್ ಮಾಡಬೇಕಾಗಿ ಬಂದುದನ್ನು ಭಾರತದ, ಚೀನಾದ, ವಿಯೆಟ್ನಾಮಿನ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಬೇಯಿಸಿದರೂ ವಿಷ ಹೋಗದು, ಹೆಂಡದಲ್ಲಿ ಕಲಸಿದರೂ ಹೋಗದು. ಯಾರಾದರೂ ನುಂಗಿಬಿಟ್ಟಿದ್ದರೆ ವಾಂತಿ ನಿಂತಿತೆಂದು ಸುಮ್ಮನಾಗದೆ, ನುಂಗಿದ್ದನ್ನು ಮುಚ್ಚಿಡದೆ ಹೇಳಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಸುವಾಗ ಚೀಲ ಒಡೆದು ಮಾಂಸಕ್ಕೆ ತಗುಲಿದರೆ ಗಾಬರಿ ಬೇಡ. ಹಸಿರಾದ ಭಾಗವನ್ನು ಕೊಯ್ದು ಬಿಸಾಡಿ ಚೆನ್ನಾಗಿ ತೊಳೆದರೆ ಸಾಕು.

ಕರಾವಳಿಯಿಂದ ಬಂದ ಮೀನು ಕೊಳ್ಳುವಾಗ ಕಿವಿರು ಕೆಂಪಗಿದೆಯೇ, ಕಣ್ಣು ತಿಳಿಯಾಗಿದೆಯೇ ನೋಡಿ. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಕೂತ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ತಿಂದರೆ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬರುತ್ತದೆ. ಇದನ್ನೂ ಉರಿ ಕೊಲ್ಲಲಾರದು.

ಕೃಷಿ ಹೊಂಡ ಇರುವವರಿಗೆ

ಹಿಂದೆ ಮೀನು ಸಾಕಣೆಯ ಸಲಹೆಗಳಲ್ಲೆಲ್ಲ ಸಣ್ಣ ಮೀನಿಗೆ ‘ಕಳೆ ಮೀನು’ ಎಂದೇ ಹೆಸರು. ಬಿತ್ತನೆಗೆ ಮೊದಲು ಇಪ್ಪೆ ಹಿಂಡಿ ಹಾಕಿ ಅದನ್ನು ಕೊಲ್ಲಿಸುತ್ತಿದ್ದರು. ಮರಿಗಳನ್ನು ತಿನ್ನುವ ಕೊರವ ಮೀನನ್ನು ತೆಗೆಯುವುದು ಸರಿ. ಪಾಚಿ ತಿಂದು ಬದುಕುವ ಚಿಕ್ಕ ಮೀನನ್ನೂ ಅದರ ಜೊತೆ ಕೊಂದದ್ದು ನಷ್ಟದ ಬಾಬು ಎಂದೇ ನಮ್ಮ ಅಭಿಪ್ರಾಯ. ಬಾಂಗ್ಲಾದೇಶದಲ್ಲಿ ಗೆಂಡೆಗಳ ಜೊತೆಯಲ್ಲೇ ಮೋಲಾ ಬೆಳೆಸಿ, ದೊಡ್ಡದನ್ನು ಮಾರಾಟಕ್ಕೂ ಚಿಕ್ಕದನ್ನು ಮನೆಗೂ ಇಟ್ಟುಕೊಳ್ಳುವ ಪದ್ಧತಿ ಬಂದಿದೆ. ಕಾಟ್ಲ, ರೋಹು ನಿಂತ ನೀರಿನಲ್ಲಿ ಮರಿ ಮಾಡವು, ಪ್ರತಿ ವರ್ಷವೂ ಮರಿ ಕೊಳ್ಳಬೇಕು. ಚಿಕ್ಕ ಮೀನು ಹೊಂಡದಲ್ಲೇ ಸಂತಾನ ಬೆಳೆಸುತ್ತದೆ. ವಾರಕ್ಕೊಮ್ಮೆ ಸಣ್ಣ ಕಣ್ಣಿನ ಬಲೆ ಎಳೆದು ಒಂದು ಸಾರಿಗಾಗುವಷ್ಟು ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ.

ತೋಟಕ್ಕೆ ಔಷಧಿ ಸಿಂಪಡಿಸಿದ ಡಬ್ಬ, ಪಂಪುಗಳನ್ನು ಇಂಥ ಹೊಂಡದಲ್ಲಿ ತೊಳೆಯಕೂಡದು. ಮೀನುಮರಿ ಬಿಡಲು ಹೊಂಡಕ್ಕೆ ನೀರು ಬಂದ ಮಳೆಗಾಲವೇ ಸರಿಯಾದ ಕಾಲ. ನಿಮ್ಮ ಹೊಂಡದ ಅಳತೆಗೆ ಎಷ್ಟು ಮರಿ, ಯಾವ ಜಾತಿ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಾಗಲಿ, ತಿಪಟೂರಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಮೊದಲೇ ವಿಚಾರಿಸಿಕೊಳ್ಳಿ.