ಪ್ಲೇಟು ಹೆಚ್ಚಿಸಿದರೆ ಸಾಲದು: ಪಿಕಪ್ಪಿಗೆ ಟ್ರೇಲರ್ ಕಟ್ಟುವವರ ಗಮನಕ್ಕೆ

ಕೊಯ್ಲಿನ ಕಾಲ ಬಂತೆಂದರೆ ನಮ್ಮ ಸದಸ್ಯರ ಪಿಕಪ್ಪುಗಳಿಗೆ ಬಿಡುವಿಲ್ಲ. ಕಾಫಿ, ಅಡಿಕೆ, ಗೊಬ್ಬರ, ಸೌದೆ ಎಲ್ಲವೂ ಅದರ ಬೆನ್ನ ಮೇಲೆಯೇ. ಅದೂ ಸಾಲದಾದಾಗ ಹಿಂದೊಂದು ಎರಡು ಚಕ್ರದ ಟ್ರೇಲರ್. ಗಾಡಿಯ ಹಿಂಭಾಗ ಕುಸಿಯಿತೆಂದರೆ ನಾವು ಮಾಡುವುದು ಒಂದೇ ಕೆಲಸ: ವರ್ಕ್‌ಶಾಪಿಗೆ ಒಯ್ದು ಕಮಾನು ಪಟ್ಟಿಗೆ ಎರಡು ಪ್ಲೇಟು ಹೆಚ್ಚಿಗೆ ಸೇರಿಸುವುದು. ನಾನೂ ಹಾಗೆಯೇ ಮಾಡಿದ್ದೆ.

2021ರ ಡಿಸೆಂಬರಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಹೇರಿಕೊಂಡು ಆಲ್ದೂರು ದಾರಿಯಾಗಿ ಚಿಕ್ಕಮಗಳೂರಿಗೆ ಹೊರಟಿದ್ದೆವು. ಹೊಸ ಪ್ಲೇಟುಗಳಿಂದ ಗಾಡಿ ಸಮವಾಗಿ ನಿಂತಿತ್ತು. ಆ ಧೈರ್ಯದಲ್ಲೇ ಟ್ರೇಲರಿನ ಮುಂಭಾಗಕ್ಕೆ ಇನ್ನಷ್ಟು ಚೀಲ ಒಟ್ಟಿಸಿದ್ದೆ. ಇಬ್ಬನಿಗೆ ಒದ್ದೆಯಾಗಿದ್ದ ಒಂದು ಇಳಿಜಾರಿನ ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ರಸ್ತೆಯಂಚಿನ ಸಿಲ್ವರ್ ಓಕ್ ಮರವೊಂದು ತಡೆಯದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ. ಚಾಲಕನ ತಪ್ಪೇನೂ ಇರಲಿಲ್ಲ. ತಪ್ಪು ನನ್ನ ಲೆಕ್ಕದ್ದು.

ಆ ಲೆಕ್ಕ ಹೀಗಿದೆ. ಪಿಕಪ್ಪಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರವಿದ್ದು, ಟ್ರೇಲರಿನ ಕೊಂಡಿ ಹಿಂದಿನ ಆಕ್ಸಲಿನಿಂದ 1.2 ಮೀಟರ್ ಹಿಂದೆ ಇದೆಯೆನ್ನಿ. ಕೊಂಡಿಯ ಮೇಲೆ 150 ಕಿಲೋ ಭಾರ ಕುಳಿತರೆ ಹಿಂದಿನ ಆಕ್ಸಲಿಗೆ ಬೀಳುವುದು 150 ಅಲ್ಲ, 210 ಕಿಲೋ. ಮಿಕ್ಕ 60 ಕಿಲೋ ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಏತದ ಒಂದು ತುದಿ ತಗ್ಗಿದರೆ ಇನ್ನೊಂದು ಏಳುವ ಹಾಗೆ. ಪ್ಲೇಟು ಸೇರಿಸಿದರೆ ಹಿಂಭಾಗ ಮೇಲೇಳುತ್ತದೆ, ನಿಜ. ಆದರೆ ಕಳೆದುಹೋದ ಭಾರ ಮುಂದಿನ ಚಕ್ರಗಳಿಗೆ ಮರಳುವುದಿಲ್ಲ. ಕುಸಿದ ಗಾಡಿ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು; ನಾನು ಆ ಎಚ್ಚರಿಕೆಯನ್ನೇ ಅಳಿಸಿದ್ದೆ.

ಇನ್ನೊಂದು ಮಾತು. ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವ್ ಒಂದಿರುತ್ತದೆ. ಚಾಸಿ ಎಷ್ಟು ತಗ್ಗಿದೆ ಎಂಬುದೇ ಅದಕ್ಕೆ ಹೊರೆಯ ಅಳತೆ. ಪ್ಲೇಟು ಹೆಚ್ಚಿಸಿ ಗಾಡಿ ಎತ್ತರವಾದರೆ, ಹೊರೆಯಿಲ್ಲವೆಂದು ಭಾವಿಸಿ ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಸ್ಪ್ರಿಂಗ್ ಬದಲಿಸಿದವರು ಈ ವಾಲ್ವನ್ನೂ ಪರೀಕ್ಷಿಸಿಕೊಳ್ಳಬೇಕು.

ಅಮೆರಿಕದಲ್ಲಿ ಪಿಕಪ್ಪಿನ ಹಿಂದೆ ವಾಸದ ಟ್ರೇಲರ್ ಎಳೆಯುವವರು ಭಾರ ಹಂಚುವ ಕೊಂಡಿಯನ್ನು ಬಳಸುತ್ತಾರೆ. ಅದರ ಸ್ಪ್ರಿಂಗ್ ಸರಳುಗಳು ಕೊಂಡಿಯ ಭಾರದ ಒಂದಂಶವನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತವೆ. ನಮ್ಮ ತೋಟದ ಗಾಡಿಗಳಿಗೆ ಅಷ್ಟೆಲ್ಲ ಇಲ್ಲದಿದ್ದರೂ ಈ ಕೆಳಗಿನವು ಎಲ್ಲರ ಕೈಲಾದ ಕೆಲಸಗಳೇ.

ಮೊದಲು ತೂಗಿ. ಹೊರೆ ತುಂಬಿದ ಟ್ರೇಲರನ್ನು ಮಟ್ಟಸವಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅದರ ಮೂತಿಯನ್ನು ಚೀಲ ತೂಗುವ ತಕ್ಕಡಿಯ ಮೇಲೆ ಒಂದು ಗಟ್ಟಿ ಮರದ ಆಸರೆಯಲ್ಲಿ ಕೂರಿಸಿರಿ. ಟ್ರೇಲರಿನ ಒಟ್ಟು ತೂಕ 1000 ಕಿಲೋ ಇದ್ದರೆ ಮೂತಿಯ ಭಾರ 100ರಿಂದ 150 ಕಿಲೋ ಇರಲಿ. ಗಾಡಿಯ ತಯಾರಕರು ಹೇಳಿದ ಮಿತಿ ಇದಕ್ಕಿಂತ ಕಡಿಮೆಯಾದರೆ ಅದೇ ಅಂತಿಮ. ತೀರಾ ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ. ಭಾರದ ಚೀಲಗಳು ಟ್ರೇಲರಿನ ಆಕ್ಸಲಿನ ಮೇಲೆ, ತುಸು ಮುಂದಕ್ಕೆ ಇರಲಿ.

ಸೋತ ಪ್ಲೇಟುಗಳನ್ನು ಬದಲಿಸುವುದು ಒಳ್ಳೆಯದೇ. ಆದರೆ ಎರಡೂ ಬದಿಗೆ ಒಂದೇ ಅಳತೆಯವನ್ನು ಹಾಕಿಸಿ. ಯು-ಬೋಲ್ಟುಗಳನ್ನು ಕೆಲವು ದಿನ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ. ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ ಮರೆಯದಿರಿ. ಕೊಂಡಿಗೆ ಸರಪಳಿಯ ಭದ್ರತೆ ಇರಲಿ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಿರಿ.

ನೆನಪಿಡಿ: ಪ್ಲೇಟು ಸೇರಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿನ ಹೊರೆಯ ಮಿತಿ ಏರುವುದಿಲ್ಲ. ಆಕ್ಸಲ್, ಬ್ರೇಕು, ಟೈರು ಹಳೆಯವೇ. ಮಿತಿ ಮೀರಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿಯಿಂದ ಆರಂಭ.

ಸಂಘದ ಗೋದಾಮಿನಲ್ಲಿ ತಕ್ಕಡಿಯಿದೆ. ಕಾಫಿ ತೂಗಲು ಬಂದಾಗ ಟ್ರೇಲರಿನ ಮೂತಿಯನ್ನೂ ತೂಗಿಕೊಂಡು ಹೋಗಿ. ಹತ್ತು ನಿಮಿಷದ ಕೆಲಸ. ಎರಡು ಚೀಲ ಮನೆಯಲ್ಲೇ ಉಳಿದರೆ ನಾಳೆ ತರಬಹುದು.