ಗೋಡೆಯೊಳಗಿನ ಒಂಟಿ ಕೇಬಲ್ಲು

ಮನೆ ಕಟ್ಟಿಸುವಾಗ ಅಂತರಜಾಲಕ್ಕೆಂದು ಗೋಡೆಯೊಳಗೆ ಒಂದೇ ಕೇಬಲ್ಲನ್ನು ಎಳೆಸಿದವರು ಅನೇಕರುಂಟು. ಈಗ ಮಹಡಿಯ ಕೋಣೆಯಲ್ಲಿ ಮಗನ ಕಂಪ್ಯೂಟರಿಗೂ ಸಂಪರ್ಕ ಬೇಕು, ಟೆಲಿವಿಷನ್ನಿಗೂ ಬೇಕು. ವೈಫೈ ಇಲ್ಲವೆ ಎನ್ನಬಹುದು. ದಪ್ಪ ಗೋಡೆಗಳನ್ನು ದಾಟುವಾಗ ಅದರ ಬಲ ಕುಗ್ಗುತ್ತದೆ. ಹಾಗೆಂದು ಗೋಡೆ ಒಡೆಸಬೇಕಾಗಿಲ್ಲ.

ಆ ಕೇಬಲ್ಲಿನಲ್ಲಿ ಎಂಟು ತಾಮ್ರದ ಎಳೆಗಳಿವೆ. ಎರಡೆರಡನ್ನು ಹುರಿಯಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹೊಸೆಯುವುದು ಅಂದಕ್ಕಲ್ಲ. ಹೊರಗಿನ ವಿದ್ಯುತ್ತಿನ ಗದ್ದಲವು ಎರಡು ಎಳೆಗಳಿಗೂ ಸಮನಾಗಿ ತಗಲುವುದರಿಂದ, ತುದಿಯಲ್ಲಿ ಒಂದರಿಂದೊಂದನ್ನು ಕಳೆದಾಗ ಅದು ಅಳಿಯುತ್ತದೆ. ದೂರವಾಣಿಗಾಗಿ ಗ್ರಹಾಂ ಬೆಲ್ಲರು ಈ ಉಪಾಯಕ್ಕೆ 1881ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ಮಿಕ್ಕೆರಡನ್ನು ದುಡಿಸಲು ‘ಸ್ಪ್ಲಿಟರ್’ ಎಂಬ ಅಗ್ಗದ ಸಾಧನ ಅಂಗಡಿಯಲ್ಲಿ ದೊರೆಯುತ್ತದೆ. ಅದನ್ನು ಕೇಬಲ್ಲಿನ ಎರಡು ತುದಿಗಳಿಗೂ ಹಾಕಬೇಕು. ಒಂದನ್ನೇ ತಂದರೆ ಕೆಲಸ ನಡೆಯದು. ಸಾವಿರ ಮೆಗಾಬಿಟ್ಟಿಗಾದರೋ ನಾಲ್ಕು ಜೋಡಿಗಳೂ ಬೇಕು. ಸ್ಪ್ಲಿಟರ್ ಹಾಕಿದವರು ಆ ವೇಗದ ಆಸೆ ಬಿಡಬೇಕು.

ನನ್ನ ಮತದಲ್ಲಿ ‘ಸ್ವಿಚ್’ ಲೇಸು. ದೀಪ ಹಚ್ಚುವ ಸ್ವಿಚ್ಚಲ್ಲ; ಐದು ಕಿಂಡಿಗಳ ಪುಟ್ಟ ಪೆಟ್ಟಿಗೆ. ಒಂದು ಕಿಂಡಿಗೆ ಗೋಡೆಯಿಂದ ಬಂದ ಕೇಬಲ್ಲು, ಉಳಿದ ನಾಲ್ಕಕ್ಕೆ ನಿಮ್ಮ ಯಂತ್ರಗಳು. ಅಂಚೆಯವನಂತೆ ವಿಳಾಸ ನೋಡಿ ಯಾರದನ್ನು ಅವರಿಗೆ ಮುಟ್ಟಿಸುತ್ತದೆ. ಎಲ್ಲರೂ ಒಮ್ಮೆಗೇ ಕೇಳಿದರೆ ವೇಗ ಹಂಚಿಹೋಗುವುದು ನಿಜ. ಕರೆಂಟು ಹೋದರೆ ಅದೂ ನಿಲ್ಲುತ್ತದೆ. ರೌಟರಿನಿಂದ ಸ್ವಿಚ್ಚಿಗೆ 100 ಮೀಟರು ಮೀರಬಾರದು. ಅಲ್ಲಿಂದ ಪ್ರತಿ ಯಂತ್ರಕ್ಕೆ ಮತ್ತೆ 100 ಮೀಟರು ಎಳೆಯಬಹುದು.