ಡೇಟಾ ಸೆಂಟರಿನ ಕಾವಲು ತಂತಿ

ಡೇಟಾ ಸೆಂಟರುಗಳ ಬಗ್ಗೆ ನಾವು ನಡೆಸಿದ ಮಾತುಕತೆಯನ್ನು ನೋಡಿ ಹಾಸನದ ವೀಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಅವರದು ಒಂದೇ ಪ್ರಶ್ನೆ: "ಅಷ್ಟೊಂದು ಕಂಪ್ಯೂಟರುಗಳು ಹಗಲಿರುಳು ಕೆಲಸ ಮಾಡುತ್ತವೆ ಎಂದಿರಿ. ಅವು ಕಾದು ಕೆಡದ ಹಾಗೆ ನೋಡಿಕೊಳ್ಳುವವರು ಯಾರು?" ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ವಿಷಯಕ್ಕೆ ದೊರೆತದ್ದು ಎರಡು ನಿಮಿಷ. ಅದರಲ್ಲೂ ಒಂದು ನಿಮಿಷವನ್ನು ಸಂಕಲನದಲ್ಲಿ ನಾನೇ ಕತ್ತರಿಸಿದ್ದೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತೇನೆ.

ನೀವು ನಾಡಕಚೇರಿಯಲ್ಲಿ ಪಹಣಿ ಪಡೆಯುವಾಗ ಅಥವಾ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಡುವಾಗ, ಉತ್ತರ ಬರುವುದು ಎಲ್ಲೋ ಒಂದು ಕಟ್ಟಡದೊಳಗಿನ ಕಂಪ್ಯೂಟರಿನಿಂದ. ಅಲ್ಲಿ ಬೀರುವಿನಷ್ಟು ಎತ್ತರದ ಚೌಕಟ್ಟುಗಳಲ್ಲಿ ಕಂಪ್ಯೂಟರುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಈ ಚೌಕಟ್ಟಿಗೆ ರ‍್ಯಾಕ್ ಎಂದು ಹೆಸರು. ಕಂಪ್ಯೂಟರ್ ಬಳಸುವ ವಿದ್ಯುತ್ತು ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. 10 ಕಿಲೋವಾಟ್ ವಿದ್ಯುತ್ ಬಳಸುವ ಒಂದು ರ‍್ಯಾಕ್ ಎಂದರೆ, ಒಂದೊಂದು ಕಿಲೋವಾಟಿನ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಬೀರುವಿನಲ್ಲಿಟ್ಟು ಉರಿಸಿದ ಹಾಗೆ. ಇಂಥ ನೂರಾರು ರ‍್ಯಾಕುಗಳಿರುವ ಕೋಣೆಯಲ್ಲಿ ತಂಪು ಯಂತ್ರ ನಿಂತರೆ ಕೆಲವೇ ನಿಮಿಷಗಳಲ್ಲಿ ಉಷ್ಣತೆ ಅಪಾಯದ ಮಟ್ಟಕ್ಕೆ ಏರಬಹುದು. ಕಂಪ್ಯೂಟರಿನ ಬಾಯಿಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಲಿ ಎಂಬುದು ಈ ಕ್ಷೇತ್ರದ ತಜ್ಞರ ಶಿಫಾರಸು.

2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಉಷ್ಣತೆ ಮೊದಲ ಬಾರಿಗೆ 40 ಡಿಗ್ರಿ ದಾಟಿತು. ಅಂದು ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡು ಡೇಟಾ ಸೆಂಟರುಗಳೂ ತಂಪು ವ್ಯವಸ್ಥೆ ಸೋತು ನಿಂತವು. ರೋಗಿಗಳ ದಾಖಲೆ ತೆರೆಯಲಾಗದೆ ವೈದ್ಯರು ಕಾಗದ, ಪೆನ್ನು ಹಿಡಿಯಬೇಕಾಯಿತು. ಎಷ್ಟೋ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಆದ್ದರಿಂದ ಹಾಸನದ ವೀಕ್ಷಕರ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಕಾವಲಿನ ಕೆಲಸ ಮಾಡುವುದು ಸಂವೇದಕಗಳು. ರ‍್ಯಾಕಿನ ಮುಂದೆ, ಹಿಂದೆ ಉಷ್ಣತೆ ಅಳೆಯುವವು, ನೆಲದಡಿಯಲ್ಲಿ ಹಗ್ಗದಂತೆ ಮಲಗಿ, ನೀರು ತಾಗಿದರೆ ಸುದ್ದಿ ಕೊಡುವವು, ಬ್ಯಾಟರಿ ನೋಡುವವು, ಜನರೇಟರಿನಲ್ಲಿ ಡೀಸೆಲ್ ಎಷ್ಟಿದೆ ಎನ್ನುವವು. ಇವುಗಳಲ್ಲಿ ಬಹುಪಾಲು ಮಾತನಾಡುವುದು ಕಾರ್ಖಾನೆಯ ಭಾಷೆ. ಮಾಡ್‌ಬಸ್ ಎಂಬ ಈ ಸಂವಾದ ನಿಯಮವನ್ನು ಅಮೆರಿಕದ ಮೋಡಿಕಾನ್ ಕಂಪನಿ 1979ರಲ್ಲಿ ಕಾರ್ಖಾನೆಯ ನಿಯಂತ್ರಕಗಳಿಗಾಗಿ ರೂಪಿಸಿತು. ಅದು ನಡೆಯುವುದು ಶಾಲೆಯ ಹಾಜರಿಯ ಕ್ರಮದಲ್ಲಿ. ಮೇಷ್ಟರು "ಏಳನೇ ನಂಬರ್, ನಿನ್ನ ಉಷ್ಣತೆ ಎಷ್ಟು?" ಎನ್ನುತ್ತಾರೆ, ಏಳನೆಯವನು ಮಾತ್ರ ಉತ್ತರ ಹೇಳುತ್ತಾನೆ, ಬಳಿಕ ಎಂಟನೆಯವನ ಸರದಿ. ಕೇಳದೆ ಯಾರೂ ಬಾಯಿ ಬಿಡುವಂತಿಲ್ಲ. ಸರಳ, ಅಗ್ಗ, ಗಟ್ಟಿ. ನಲವತ್ತು ವರ್ಷ ದಾಟಿದರೂ ಅದು ಉಳಿದಿರುವುದು ಈ ಗುಣಗಳಿಂದಲೇ.

ಈ ಮಾತು ಹರಿಯುವ ತಂತಿಯನ್ನು ಕಂಡಾಗ ನನಗೆ ನಮ್ಮ ಸ್ಟುಡಿಯೊದ ಮೈಕ್ ಕೇಬಲ್ ನೆನಪಾಯಿತು. ಆರ್‌ಎಸ್-485 ಎಂಬ ಈ ಪದ್ಧತಿಯಲ್ಲಿ ಎರಡು ತಂತಿಗಳನ್ನು ಹುರಿಯಂತೆ ಹೊಸೆದಿರುತ್ತಾರೆ. ಒಂದರಲ್ಲಿ ವಿದ್ಯುತ್ ಒತ್ತಡ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಪಕ್ಕದ ಯಂತ್ರದ ವಿದ್ಯುತ್ ಗದ್ದಲ ಎರಡೂ ತಂತಿಗಳಿಗೆ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಕೇಳುವ ತುದಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡರ ವ್ಯತ್ಯಾಸವನ್ನು ಮಾತ್ರ. ಹಾಗಾಗಿ ಗದ್ದಲ ಕಳೆದುಹೋಗುತ್ತದೆ. ನಿಧಾನಗತಿಯ ಸಂದೇಶವಾದರೆ ಈ ತಂತಿ 1200 ಮೀಟರ್ ದೂರದವರೆಗೂ ಸಾಗಬಲ್ಲದು. ಜನರೇಟರ್ ಕೋಣೆಯಂಥ ಕಡೆ ಸಾಮಾನ್ಯ ಕಚೇರಿಯ ಕೇಬಲ್ಲಿಗಿಂತ ಇದು ನಂಬಿಕಸ್ತ. ಇನ್ನೂ ದೂರಕ್ಕೆ, ಇನ್ನೂ ಗದ್ದಲದ ಜಾಗಕ್ಕೆ ಆಪ್ಟಿಕಲ್ ಫೈಬರ್ ಎಳೆಯುತ್ತಾರೆ. ಅದರಲ್ಲಿ ಹರಿಯುವುದು ಬೆಳಕಾದ್ದರಿಂದ ವಿದ್ಯುತ್ತಿನ ಕಾಟವೇ ಇಲ್ಲ.

ತಂತಿ ಕಡಿದರೆ? ಅದಕ್ಕಾಗಿ ಜಾಲದ ಸ್ವಿಚ್ಚುಗಳನ್ನು ಉಂಗುರದಂತೆ ಜೋಡಿಸುತ್ತಾರೆ. ಒಂದು ಕಡೆ ಕಡಿದರೆ ಸಂದೇಶ ಹಿಂದಕ್ಕೆ ತಿರುಗಿ ಇನ್ನೊಂದು ಕಡೆಯಿಂದ ಬರುತ್ತದೆ. ಹಳೆಯ ಕಚೇರಿ ಜಾಲಗಳಲ್ಲಿ ಹೀಗೆ ದಾರಿ ಬದಲಿಸಲು 30ರಿಂದ 50 ಸೆಕೆಂಡ್ ಬೇಕಾಗುತ್ತಿತ್ತು. ಕೈಗಾರಿಕಾ ಉಂಗುರಗಳಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಅದೂ ಸಾಲದು ಎನ್ನುವವರು ಎರಡು ಪ್ರತ್ಯೇಕ ಜಾಲಗಳಲ್ಲಿ ಒಂದೇ ಸಂದೇಶವನ್ನು ಏಕಕಾಲಕ್ಕೆ ಕಳಿಸುತ್ತಾರೆ. ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆಯುತ್ತಾರೆ.

ಇಷ್ಟೆಲ್ಲ ಇದ್ದರೂ ಒಂದು ಮೋಸ ಉಳಿಯುತ್ತದೆ. ಪರದೆಯ ಮೇಲೆ 23 ಡಿಗ್ರಿ ಎಂದಿದೆ ಎನ್ನಿ. ಅದು ಈಗಿನ 23ಓ, ಸಂಪರ್ಕ ಕಡಿಯುವ ಮುನ್ನ ಬಂದ ಕೊನೆಯ 23ಓ? ದೂರದರ್ಶನದವರಿಗೆ ಈ ಪೇಚು ಚೆನ್ನಾಗಿ ಗೊತ್ತು. ಚಿತ್ರ ಹೆಪ್ಪುಗಟ್ಟಿ ನಿಂತಾಗ, ಖಾಲಿ ವೇದಿಕೆಯ ದೃಶ್ಯವಾದರೆ ಅದು ನಿಂತದ್ದೇ ತಿಳಿಯುವುದಿಲ್ಲ. ಚೌಕಟ್ಟಿನಲ್ಲಿ ಓಡುವ ಗಡಿಯಾರವೊಂದಿದ್ದರೆ ತಕ್ಷಣ ತಿಳಿಯುತ್ತದೆ. ಒಳ್ಳೆಯ ಕಾವಲು ಜಾಲದಲ್ಲಿ ಪ್ರತಿ ಅಂಕಿಯ ಜೊತೆಗೂ ಅದನ್ನು ಓದಿದ ವೇಳೆ ಇರುತ್ತದೆ. ನಿಗದಿತ ಅವಧಿಯಲ್ಲಿ ಹೊಸ ಅಂಕಿ ಬಾರದಿದ್ದರೆ ಹಳೆಯದನ್ನು ಅಳಿಸಿ, ಮೌನವನ್ನೇ ಅಪಾಯದ ಗಂಟೆಯಾಗಿ ಬಾರಿಸುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಗವಿಲ್ಲ.

ಇನ್ನು ಭದ್ರತೆ. ಮಾಡ್‌ಬಸ್ ಹುಟ್ಟಿದಾಗ ಆ ತಂತಿ ಕಾರ್ಖಾನೆಯ ಗೋಡೆ ದಾಟುತ್ತಿರಲಿಲ್ಲ. ಹಾಗಾಗಿ ಕೇಳುವವರು ಯಾರೆಂದು ವಿಚಾರಿಸುವ ಏರ್ಪಾಡನ್ನೇ ಅದರಲ್ಲಿ ಇಡಲಿಲ್ಲ. ಪ್ರತಿ ಸಂದೇಶದ ಕೊನೆಗೆ ತಾಳೆ ನೋಡುವ ಒಂದು ಸಂಖ್ಯೆ ಇರುತ್ತದೆ, ನಿಜ. ದಾರಿಯಲ್ಲಿ ಅಕ್ಷರ ಕೆಟ್ಟಿದೆಯೇ ಎಂಬುದನ್ನು ಅದು ಹೇಳೀತು. ಬರೆದವರು ಯಾರೆಂದು ಹೇಳದು. ಓದುವ ಪ್ರಶ್ನೆಯಷ್ಟೇ ಅಲ್ಲ, ಬದಲಿಸುವ ಆಜ್ಞೆಯೂ ಅದೇ ತಂತಿಯಲ್ಲಿ ಹೋಗುತ್ತದೆ. ಒಳಹೊಕ್ಕ ಅಪರಿಚಿತನೊಬ್ಬ ತಂಪು ಯಂತ್ರಕ್ಕೆ ಅಂಕಿ ಬದಲಿಸಿ ಕೊಟ್ಟರೆ, ಅದನ್ನು ತಡೆಯುವ ಬುದ್ಧಿ ಆ ಯಂತ್ರಕ್ಕಿಲ್ಲ. ಜಾಲದ ಉಪಕರಣಗಳನ್ನು ವಿಚಾರಿಸಲು ಬಳಸುವ ಎಸ್‌ಎನ್‌ಎಂಪಿ ಎಂಬ ನಿಯಮದ ಹಳೆಯ ರೂಪಗಳದೂ ಇದೇ ಕಥೆ. ಅದರ ಗುಪ್ತಪದ ಬಟ್ಟಬಯಲಾಗಿ ಹರಿಯುತ್ತಿತ್ತು; ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಇರುತ್ತಿದ್ದ ಗುಪ್ತಪದವೇ "ಪಬ್ಲಿಕ್"! ಮೂರನೆಯ ಆವೃತ್ತಿಯಲ್ಲಿ ಗುಪ್ತಲಿಪಿ ಬಂತು.

2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಮೊದಲು ಒಳಹೊಕ್ಕದ್ದು ಶೀತಲೀಕರಣದ ಗುತ್ತಿಗೆದಾರರೊಬ್ಬರಿಗೆ ಕೊಟ್ಟಿದ್ದ ಗುಪ್ತಪದ ಕದ್ದು. ಅವರಿಗೆ ತಂಪು ಯಂತ್ರ ಬೇಕಿರಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ತಡೆ ಸಾಲದಿದ್ದುದೇ ಅವರಿಗೆ ದಾರಿಯಾಯಿತು. ಇದಕ್ಕೇ ಈಗ ಕಾವಲು ಜಾಲವನ್ನು ವಲಯಗಳಾಗಿ ಒಡೆಯುತ್ತಾರೆ. ವಲಯಗಳ ನಡುವೆ ಒಂದೇ ಬಾಗಿಲು. ಆ ಬಾಗಿಲಲ್ಲಿ "ಓದುವುದಾದರೆ ಹೋಗಿ, ಬರೆಯುವುದಾದರೆ ನಿಲ್ಲಿ" ಎನ್ನುವ ಪಹರೆ. ಹೊರಗಿನ ದುರಸ್ತಿಗಾರರಿಗೆ ಬೇಕಾದ ಯಂತ್ರದವರೆಗೆ, ಬೇಕಾದ ಹೊತ್ತಿಗೆ ಮಾತ್ರ ಪ್ರವೇಶ.

ಇಲ್ಲೇ ತೊಡಕು. ಜಾಲ ನಂಬಿಕೆಗೆ ಅರ್ಹವಾಗಬೇಕಾದರೆ ದಾರಿಗಳು ಹೆಚ್ಚಬೇಕು. ಸುರಕ್ಷಿತವಾಗಬೇಕಾದರೆ ಬಾಗಿಲುಗಳು ಕಡಿಮೆಯಾಗಬೇಕು. ಎರಡೂ ಒಂದೇ ತಂತಿಯ ಮೇಲೆ ಜಗಳವಾಡುತ್ತವೆ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಸ್ತಬ್ಧವಾದದ್ದು ನಿಮಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಅವರ ಡೇಟಾ ಸೆಂಟರುಗಳನ್ನು ಬೆಸೆಯುವ ಜಾಲವೇ ಕಡಿದುಹೋಯಿತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ಪ್ರತ್ಯೇಕ ದಾರಿಯೂ ಆಗ ಕೆಲಸ ಮಾಡಲಿಲ್ಲ. ಎಂಜಿನಿಯರುಗಳನ್ನೇ ಕಟ್ಟಡಗಳಿಗೆ ಕಳಿಸಬೇಕಾಯಿತು. ಭದ್ರತೆಗಾಗಿ ಒಳಹೋಗುವುದನ್ನೇ ಕಷ್ಟವಾಗಿಸಿದ್ದರಿಂದ ಅದಕ್ಕೂ ಸಮಯ ಹಿಡಿಯಿತು. ದಾರಿ ಸರಿಹೋದ ಮೇಲೂ ಅವರು ಎಲ್ಲವನ್ನೂ ಒಮ್ಮೆಲೇ ಹೊತ್ತಿಸಲಿಲ್ಲ. ವಿದ್ಯುತ್ ಬಳಕೆ ಹತ್ತಾರು ಮೆಗಾವಾಟಿನಷ್ಟು ಕುಸಿದಿತ್ತು. ಅದು ಥಟ್ಟನೆ ಏರಿದರೆ ವಿದ್ಯುತ್ ಉಪಕರಣಗಳಿಗೇ ಅಪಾಯ.

ನಾನು ನಗಲಾರೆ. ಹಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದ ನೇರಪ್ರಸಾರದಲ್ಲಿ, ಮೈದಾನದಿಂದ ಸ್ಟುಡಿಯೊಕ್ಕೆ ಮಾತನಾಡುವ ಬೇರೆ ಲೈನ್ ಬೇಡ, ಚಿತ್ರ ಹೋಗುವ ಸಂಪರ್ಕದಲ್ಲೇ ಮಾತೂ ಹೋಗಲಿ ಎಂದು ಒಪ್ಪಿದವನು ನಾನೇ. ಚಿತ್ರ ಕಡಿಯಿತು, ಕಡಿದಿದೆ ಎಂದು ಹೇಳಬೇಕಾದ ಮಾತೂ ಅದರೊಡನೆ ಕಡಿಯಿತು. ಜನಜಂಗುಳಿಯಲ್ಲಿ ಮೊಬೈಲೂ ಹತ್ತಲಿಲ್ಲ. ಯಾರಿಗೂ ಕಾಣದ ಓಟದ ಪಂದ್ಯವನ್ನು ನಮ್ಮ ಕ್ಯಾಮೆರಾದವರು ಬಲು ಶ್ರದ್ಧೆಯಿಂದ ಚಿತ್ರೀಕರಿಸುತ್ತಲೇ ಇದ್ದರು.

ಕಾವಲು ಜಾಲ ಚೆನ್ನಾಗಿದ್ದರೂ ಸಂವೇದಕಕ್ಕೆ ಕಾಣದ್ದನ್ನು ಅದು ಹೇಳಲಾರದು ಎಂಬುದನ್ನೂ ಸೇರಿಸಬೇಕು. 2022ರ ಅಕ್ಟೋಬರ್ 15ರಂದು ದಕ್ಷಿಣ ಕೊರಿಯಾದ ಪಾಂಗ್ಯೋ ಎಂಬಲ್ಲಿ ಡೇಟಾ ಸೆಂಟರಿನ ಬ್ಯಾಟರಿ ಕೋಣೆಗೆ ಬೆಂಕಿ ಬಿದ್ದು, ಆ ದೇಶದ ಬಹುಪಾಲು ಜನ ಬಳಸುವ ಕಾಕಾವೊ ಸೇವೆಗಳು ನಿಂತವು. ಪೂರ್ತಿ ಚೇತರಿಸಿಕೊಳ್ಳಲು ಐದು ದಿನಕ್ಕೂ ಹೆಚ್ಚು ಬೇಕಾಯಿತು. ಬ್ಯಾಟರಿಗಳ ಉಷ್ಣತೆ ನೋಡುವ ವ್ಯವಸ್ಥೆ ಅಲ್ಲಿತ್ತು. ಬೆಂಕಿ ಹೊತ್ತುವ ಕ್ಷಣದವರೆಗೂ ಅದರಲ್ಲಿ ಅಸಹಜವಾದುದೇನೂ ಕಾಣಿಸಲಿಲ್ಲ ಎಂದು ಸರ್ಕಾರ ಆಮೇಲೆ ತಿಳಿಸಿತು.

ಹಾಸನದ ವೀಕ್ಷಕರೆ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ನೋಡಿಕೊಳ್ಳುವುದು ಸಂವೇದಕಗಳು, ಹೊಸೆದ ತಂತಿಗಳು, ಮತ್ತು ಅವನ್ನು ಆಗಾಗ ಪರೀಕ್ಷಿಸುವ ಎಂಜಿನಿಯರುಗಳು. ಆ ಪರೀಕ್ಷೆ ಹೀಗಿರುತ್ತದೆ: ಗೊತ್ತು ಮಾಡಿದ ಒಂದು ದಿನ, ಎಲ್ಲರಿಗೂ ತಿಳಿಸಿ, ಉಂಗುರದ ಒಂದು ಕೇಬಲ್ ಕಿತ್ತು, ಕೈಗಡಿಯಾರ ನೋಡುತ್ತ ನಿಲ್ಲುವುದು. ಬಳಿಕ ಕಾವಲು ಸ್ವಿಚ್ಚಿನ ವಿದ್ಯುತ್ತನ್ನೇ ತೆಗೆಯುವುದು. ಆ ಸ್ವಿಚ್ಚಿಗೆ ವಿದ್ಯುತ್ ಬರುತ್ತಿರುವುದು ಅದು ಕಾಯುತ್ತಿರುವ ಯುಪಿಎಸ್ಸಿನಿಂದಲೇ ಆಗಿದ್ದರೆ, ಅದು ಅಂದೇ ಗೊತ್ತಾಗುತ್ತದೆ.